ಯಾರ ಸರದಿ, ಎಷ್ಟು ವೇಗ

ಕೇಂದ್ರ ಸರ್ಕಾರದ ಕಚೇರಿಯಲ್ಲಿ ಇಪ್ಪತ್ತು ವರ್ಷಗಳನ್ನು ಕಡತಗಳ ನಡುವೆ ಕಳೆದವರನ್ನು ಒಂದು ಪ್ರಶ್ನೆ ಎಂದೂ ಬಿಡುವುದಿಲ್ಲ: ಈಗ ಯಾರ ಸರದಿ? ಹಿಂದೆ ಮೇಜಿನ ಮೇಲೆ, ಈಗ ಗಣಕದ ಪರದೆಯ ಮೇಲೆ, ನೂರು ಕಡತಗಳು ಕಾದಿರುತ್ತವೆ. ಓದುವ ಕಣ್ಣು ಒಂದೇ ಜೊತೆ. ಯಾವುದನ್ನು ಮೊದಲು ತೆರೆಯಬೇಕು, ಅದರೊಡನೆ ಎಷ್ಟು ಹೊತ್ತು ಕೂರಬೇಕು, ನಡುವೆ ಮತ್ತೊಂದು ಬಂದರೆ ಕೈಯಲ್ಲಿರುವುದನ್ನು ಬದಿಗಿಡಬೇಕೆ ಬೇಡವೆ? ಇಂಗ್ಲಿಷ್ ಎಂ.ಎ. ತರಗತಿಯಲ್ಲಿ ನಮಗೆ ಇದನ್ನು ಯಾರೂ ಹೇಳಿಕೊಡಲಿಲ್ಲ. ಇಲಾಖೆಯ ತರಬೇತಿಯಲ್ಲಿ ನಿಯಮಗಳನ್ನು ಹೇಳಿಕೊಟ್ಟರು. ನಿಯಮಗಳು ಮುಗಿದ ಮೇಲೆ ಏನು ಮಾಡಬೇಕೆಂಬುದನ್ನು ಹೇಳಲಿಲ್ಲ.

ಇದೇ ಪ್ರಶ್ನೆಯನ್ನು ಹಿಡಿದುಕೊಂಡು ದಶಕಗಳಿಂದ ವಾದಿಸುತ್ತಿರುವ ಇನ್ನೊಂದು ಲೋಕವಿದೆಯೆಂದು ನಮಗೆ ತಿಳಿದದ್ದು ಮಗಳಿಂದ. ಅವಳು ಎಂಜಿನಿಯರಿಂಗ್ ಮೂರನೆಯ ವರ್ಷದ ಪರೀಕ್ಷೆಗೆ ಓದುತ್ತಿದ್ದಾಗ, ಕಂಠಪಾಠ ಒಪ್ಪಿಸಿಕೊಳ್ಳುವ ಕೆಲಸ ನಮ್ಮ ಪಾಲಿಗೆ ಬರುತ್ತಿತ್ತು. ಆಪರೇಟಿಂಗ್ ಸಿಸ್ಟಮ್ ಎಂಬ ವಿಷಯದಲ್ಲಿ 'ಶೆಡ್ಯೂಲಿಂಗ್' ಎಂಬ ಅಧ್ಯಾಯ. ಎರಡು ಪುಟ ಒಪ್ಪಿಸಿ, "ಅಪ್ಪ, ಇದು ನಿಮ್ಮ ಆಫೀಸಿನ ಕಥೆಯೇ ಅಲ್ಲವೆ?" ಎಂದಳು. ಪರೀಕ್ಷೆ ಮುಗಿದು ಅವಳು ಪುಸ್ತಕ ಮುಚ್ಚಿಟ್ಟಳು. ನಾವು ಮುಚ್ಚಲಿಲ್ಲ. ಲಿನಕ್ಸ್ ಎಂಬ ವ್ಯವಸ್ಥೆಯ ಮೂಲಬರಹ ಯಾರು ಬೇಕಾದರೂ ಓದುವಂತೆ ತೆರೆದಿದೆ. ಅದರ ಸಂಕೇತಭಾಷೆ ನಮಗೆ ಅರ್ಧಂಬರ್ಧ. ಆದರೆ ಬರೆದವರು ನಡುನಡುವೆ ಇಂಗ್ಲಿಷಿನಲ್ಲಿ ಇಟ್ಟುಹೋದ ಟಿಪ್ಪಣಿಗಳಿವೆ, ಜೊತೆಗೆ ವಿವರಣೆಯ ಕಡತಗಳಿವೆ. ಟಿಪ್ಪಣಿ ಓದುವುದೇ ನಮ್ಮ ಉದ್ಯೋಗವಾದ್ದರಿಂದ ಓದುತ್ತಾ ಹೋದೆವು.

ಲಿನಕ್ಸಿನ ಒಳಭಾಗಕ್ಕೆ 'ಕರ್ನಲ್' ಎಂದು ಹೆಸರು. ಹಳೆಯ ಇಂಗ್ಲಿಷಿನಲ್ಲಿ ಅದು ಪುಟ್ಟ ಕಾಳು. ನಮ್ಮಲ್ಲಿ ತಿರುಳು ಎನ್ನಬಹುದು. 1991ರಲ್ಲಿ ಫಿನ್ಲೆಂಡಿನ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ ಬಿತ್ತಿದ ಈ ಕಾಳು ಇಂದು ಆಂಡ್ರಾಯ್ಡ್ ಫೋನುಗಳ ಒಳಗೂ ಜಗತ್ತಿನ ದೊಡ್ಡ ದೊಡ್ಡ ಗಣಕಗಳ ಒಳಗೂ ಇದೆ. ಪ್ರೊಸೆಸರಿನ ಒಂದು ಕೋರ್, ಅಂದರೆ ದುಡಿಯುವ ಒಂದು ಘಟಕ, ಒಂದು ಕ್ಷಣದಲ್ಲಿ ಒಂದೇ ಕೆಲಸವನ್ನು ಮಾಡಬಲ್ಲದು ಎಂದಿಟ್ಟುಕೊಳ್ಳೋಣ. ಫೋನಿನಲ್ಲಿ ಅಂತಹ ಎಂಟು ಘಟಕಗಳಿದ್ದರೆ ಕೆಲಸಗಳು ನೂರಾರು: ಹಾಡು ನುಡಿಯಬೇಕು, ಪರದೆ ಚಲಿಸಬೇಕು, ಬಂದ ಸಂದೇಶವನ್ನು ಬರಮಾಡಿಕೊಳ್ಳಬೇಕು. ಎಲ್ಲವೂ ಏಕಕಾಲಕ್ಕೆ ನಡೆಯುತ್ತಿವೆ ಎಂದು ನಮಗೆ ತೋರುವುದು ತಿರುಳಿನೊಳಗೆ ಕುಳಿತ ಶೆಡ್ಯೂಲರ್ ಎಂಬ ಸರದಿಗಾರನ ಕೈಚಳಕದಿಂದ. ಒಂದು ಗಡಿಯಾರ ಸೆಕೆಂಡಿಗೆ 100, 250 ಅಥವಾ 1000 ಬಾರಿ ಬಡಿಯುತ್ತದೆ; ಎಷ್ಟು ಬಾರಿ ಎಂಬುದು ತಿರುಳನ್ನು ಸಿದ್ಧಪಡಿಸುವವರ ಆಯ್ಕೆ. ಬಡಿದಾಗಲೆಲ್ಲ ಸರದಿಗಾರ ತಲೆಯೆತ್ತಿ ನೋಡುತ್ತಾನೆ: ಈಗಿರುವವನೇ ಮುಂದುವರಿಯಲೋ, ಇನ್ನೊಬ್ಬನನ್ನು ಕೂರಿಸಲೋ?

ಪಂಕ್ತಿಭೋಜನ ಕಂಡವರಿಗೆ ಇದರ ಅತಿ ಸರಳ ರೂಪ ಗೊತ್ತೇ ಇದೆ. ಬಡಿಸುವವನು ಸಾಲಿನ ಈ ತುದಿಯಿಂದ ಆ ತುದಿಗೆ ಪ್ರತಿ ಎಲೆಗೂ ಒಂದೊಂದು ಸೌಟು ಹಾಕುತ್ತಾ ಹೋಗಿ ಮತ್ತೆ ಮೊದಲಿಗೆ ಬರುತ್ತಾನೆ. ಪುಸ್ತಕಗಳಲ್ಲಿ ಇದರ ಹೆಸರು 'ರೌಂಡ್ ರಾಬಿನ್'. ತೊಡಕು ಎಲ್ಲಿ ಎಂದರೆ ಎಲ್ಲರ ಹಸಿವೂ ಒಂದೇ ಅಲ್ಲ. ಹಾಡು ನುಡಿಸುವ ಕೆಲಸಕ್ಕೆ ಬೇಕಾದದ್ದು ತುಸುವೇ, ಆದರೆ ಸಮಯಕ್ಕೆ ಸರಿಯಾಗಿ ಬೇಕು. ತಡವಾದರೆ ದನಿ ಮುರಿಯುತ್ತದೆ. ದೊಡ್ಡ ಲೆಕ್ಕ ಮಾಡುವ ಕೆಲಸಕ್ಕೆ ಎಷ್ಟು ಕೊಟ್ಟರೂ ಸಾಲದು, ಆದರೆ ಅರೆಗಳಿಗೆ ತಡವಾದರೆ ಅದಕ್ಕೇನೂ ನಷ್ಟವಿಲ್ಲ. ಆದ್ದರಿಂದ ಸರದಿಗಾರನಿಗೆ ಪಕ್ಷಪಾತದ ಅಧಿಕಾರ ಕೊಡಬೇಕಾಗುತ್ತದೆ. ಬಡಿಸುವವನು ನಮ್ಮವನಾದರೆ ಎಲ್ಲಿ ಕುಳಿತರೇನು ಎಂಬ ಗಾದೆ ಹುಟ್ಟುವುದು ಅಲ್ಲಿಂದಲೇ.

2003ರಲ್ಲಿ ಹೊರಬಂದ ಲಿನಕ್ಸ್ 2.6ರ ಸರದಿಗಾರ ಈ ಅಧಿಕಾರವನ್ನು ಊಹೆಯಿಂದ ಚಲಾಯಿಸುತ್ತಿದ್ದ. ಯಾವ ಕೆಲಸ ಹೆಚ್ಚು ಹೊತ್ತು ಮಲಗಿ ಕಾಯುತ್ತದೋ ಅದರ ಮುಂದೆ ಮನುಷ್ಯನೊಬ್ಬ ಕೀಲಿಮಣೆ ಹಿಡಿದು ಕುಳಿತಿರಬೇಕು, ಆದ್ದರಿಂದ ಅದಕ್ಕೆ ಮೊದಲ ಮಣೆ ಎಂಬ ಊಹೆ. ಊಹೆ ತಪ್ಪಿದಾಗ ಮನೆಯಲ್ಲಿ ಗಣಕ ಬಳಸುವವರ ಹಾಡು ತಡವರಿಸುತ್ತಿತ್ತು. ಇದನ್ನು ಎತ್ತಿ ಹೇಳಿದವರಲ್ಲಿ ಕಾನ್ ಕೊಲಿವಾಸ್ ಪ್ರಮುಖರು. ಆಸ್ಟ್ರೇಲಿಯಾದ ಈ ಅರಿವಳಿಕೆ ವೈದ್ಯರು ಪ್ರೋಗ್ರಾಮಿಂಗ್ ಅನ್ನು ಸ್ವಂತವಾಗಿ ಕಲಿತವರು. ಊಹಿಸುವುದನ್ನು ಬಿಡಿ, ಎಲ್ಲರಿಗೂ ಲೆಕ್ಕ ಹಾಕಿ ಸಮಪಾಲು ಕೊಡಿ, ಆಗ ಮಿಕ್ಕದ್ದು ತಾನಾಗಿ ಸರಿಹೋಗುತ್ತದೆ ಎಂದು ಅವರು ವಾದಿಸಿ, ಮಾಡಿಯೂ ತೋರಿಸಿದರು. 2007ರ ಏಪ್ರಿಲ್‌ನಲ್ಲಿ ಇಂಗೊ ಮೊಲ್ನಾರ್ ಅದೇ ತತ್ತ್ವದ ಮೇಲೆ ತಮ್ಮದೇ ಹೊಸ ಸರದಿಗಾರನನ್ನು ಬರೆದರು, ಮೂಲ ವಿಚಾರದ ಋಣವನ್ನು ಕೊಲಿವಾಸರಿಗೆ ಸಲ್ಲಿಸಿದರು. ಅದೇ ವರ್ಷ ಅಕ್ಟೋಬರಿನಲ್ಲಿ 2.6.23ನೆಯ ಆವೃತ್ತಿಯೊಳಗೆ ಹೋದದ್ದು ಮೊಲ್ನಾರರ ಬರಹ. ಕೊಲಿವಾಸ್ ಆ ವರ್ಷವೇ ಆ ಕೆಲಸದಿಂದ ದೂರ ಸರಿದರು. 2009ರಲ್ಲಿ ಇನ್ನೊಂದು ಸರದಿಗಾರನೊಡನೆ ಮರಳಿದರಾದರೂ ಮುಖ್ಯ ತಿರುಳಿನ ಹೊರಗೆಯೇ ಉಳಿದರು. ಟಿಪ್ಪಣಿ ಬರೆದವನೊಬ್ಬ, ಆದೇಶಕ್ಕೆ ಸಹಿ ಹಾಕಿದವನೊಬ್ಬ. ಕಚೇರಿಯಲ್ಲಿರುವ ಯಾರಿಗೂ ಈ ಕಥೆಯನ್ನು ಬಿಡಿಸಿ ಹೇಳಬೇಕಾಗಿಲ್ಲ.

ಹೊಸ ಸರದಿಗಾರನ ಹೆಸರಿನಲ್ಲಿಯೇ 'ಸಂಪೂರ್ಣ ನ್ಯಾಯ' ಎಂಬ ಮಾತಿತ್ತು. ಅವನ ಬಳಿ ಒಂದು ಖಾತೆಪುಸ್ತಕವಿದೆ. ಪ್ರತಿ ಕೆಲಸವೂ ಇದುವರೆಗೆ ಎಷ್ಟು ಹೊತ್ತು ಕುರ್ಚಿಯಲ್ಲಿ ಕುಳಿತಿದೆ ಎಂಬುದನ್ನು ನ್ಯಾನೊಸೆಕೆಂಡಿನಲ್ಲಿ ಬರೆದಿಡುತ್ತಾನೆ. ಮುಂದಿನ ಸರದಿ ಯಾರದೆಂದರೆ, ಎಲ್ಲರಿಗಿಂತ ಕಡಿಮೆ ಪಡೆದವರದು. ಇಷ್ಟೇ ನಿಯಮ. ಶಿಫಾರಸಿಗೂ ಒಂದು ಜಾಗವಿದೆ, ಅದರ ಹೆಸರು 'ನೈಸ್'. ಮೈನಸ್ 20ರಿಂದ 19ರವರೆಗಿನ ಒಂದು ಅಂಕ. ಅಂಕ ಏರಿದಷ್ಟೂ ಆ ಕೆಲಸ 'ಒಳ್ಳೆಯದು', ಅಂದರೆ ಇತರರಿಗೆ ದಾರಿ ಬಿಡುವಂಥದು. ಆದ್ದರಿಂದ ಅದರ ಪಾಲು ಕಡಿಮೆ. ಒಂದೊಂದು ಮೆಟ್ಟಿಲಿಗೂ ತೂಕ ಸುಮಾರು ಒಂದೂಕಾಲು ಪಟ್ಟು ವ್ಯತ್ಯಾಸವಾಗುತ್ತದೆ. ಯಾರು ಬೇಕಾದರೂ ತಮ್ಮ ಕೆಲಸವನ್ನು ಇನ್ನಷ್ಟು ಒಳ್ಳೆಯದಾಗಿಸಬಹುದು. ಒಳ್ಳೆಯತನವನ್ನು ಕಡಿಮೆ ಮಾಡಲು ಮಾತ್ರ ವಿಶೇಷ ಅಧಿಕಾರ ಬೇಕು. ಭಾಷೆಯ ವಿದ್ಯಾರ್ಥಿಯಾಗಿದ್ದಾಗ ಓದಿದ್ದೊಂದು ಇಲ್ಲಿ ನೆನಪಾಗುತ್ತದೆ: 'ನೈಸ್' ಎಂಬ ಪದ ಲ್ಯಾಟಿನ್ನಿನ 'ನೆಸ್ಕಿಯಸ್'ನಿಂದ ಬಂದದ್ದು, ಮೊದಲಿಗೆ ಅದರ ಅರ್ಥ ಏನೂ ತಿಳಿಯದವನು, ಪೆದ್ದ ಎಂದು. ಸರದಿಯಲ್ಲಿ ಸುಮ್ಮನೆ ನಿಂತವನನ್ನು ಲೋಕ ಏನೆಂದು ಕರೆಯುತ್ತಿತ್ತೆಂಬುದು ಪದದೊಳಗೆ ಇನ್ನೂ ಉಳಿದಿದೆ.

ಸರದಿಯ ಪ್ರಶ್ನೆ ಇಲ್ಲಿಗೆ ಒಂದು ಹಂತ ಮುಟ್ಟಿತು. ಎರಡನೆಯ ಪ್ರಶ್ನೆ ವೇಗದ್ದು. ಪ್ರೊಸೆಸರಿಗೂ ನಾಡಿಬಡಿತವಿದೆ, ಗಿಗಾಹರ್ಟ್ಸ್ ಎಂದು ಜಾಹೀರಾತಿನಲ್ಲಿ ಹೇಳುವುದು ಅದನ್ನೇ. ನಾಡಿ ವೇಗವಾದಷ್ಟೂ ಕೆಲಸ ಬೇಗ. ಹಾಗಾದರೆ ಸದಾ ಪೂರ್ಣವೇಗದಲ್ಲಿ ಓಡಿಸಿದರೆ ಆಗದೇಕೆ? ಆಗದಿರುವುದಕ್ಕೆ ಕಾರಣ ಶಾಖ. ಪ್ರೊಸೆಸರು ದುಡಿಯುವಾಗ ನುಂಗುವ ವಿದ್ಯುತ್ತು ನಾಡಿಬಡಿತಕ್ಕೆ ಅನುಗುಣವಾಗಿಯೂ, ವೋಲ್ಟೇಜಿನ ವರ್ಗಕ್ಕೆ ಅನುಗುಣವಾಗಿಯೂ ಏರುತ್ತದೆ. ನಾಡಿ ಏರಿಸಬೇಕಾದರೆ ವೋಲ್ಟೇಜನ್ನೂ ಏರಿಸಬೇಕಾಗುತ್ತದೆ. ತಿರುಗಿಸಿ ನೋಡಿದರೆ ಸೊಗಸಾದ ಲೆಕ್ಕ ಸಿಗುತ್ತದೆ. ಎರಡನ್ನೂ ಅರ್ಧಕ್ಕಿಳಿಸಿದರೆ ವಿದ್ಯುತ್ತಿನ ಬಳಕೆ ಎಂಟನೆಯ ಒಂದು ಭಾಗಕ್ಕೆ ಇಳಿಯುತ್ತದೆ. ಕೆಲಸಕ್ಕೆ ಎರಡರಷ್ಟು ಹೊತ್ತು ಹಿಡಿಯುತ್ತದೆ, ನಿಜ. ಆದರೂ ಒಟ್ಟು ಶಕ್ತಿಯ ವೆಚ್ಚ ನಾಲ್ಕನೆಯ ಒಂದು ಭಾಗ. ಗಡುವಿಗೆ ಇನ್ನೂ ಸಮಯವಿರುವಾಗ ಓಡಿ ಮುಗಿಸಿ ಸುಮ್ಮನೆ ಕೂರುವುದಕ್ಕಿಂತ, ಗಡುವಿಗೆ ಸರಿಯಾಗಿ ಮುಗಿಯುವಂತೆ ನಿಧಾನವಾಗಿ ಮಾಡುವುದು ಅಗ್ಗ. 1994ರಲ್ಲಿ ಜೆರಾಕ್ಸ್ ಕಂಪನಿಯ ಪಾಲೊ ಆಲ್ಟೊ ಸಂಶೋಧನಾ ಕೇಂದ್ರದ ಮಾರ್ಕ್ ವೈಸರ್ ಮತ್ತು ಸಂಗಡಿಗರು ಈ ಮಾತನ್ನು ಪ್ರಬಂಧವಾಗಿ ಬರೆದರು. ನಿಧಾನವೇ ಪ್ರಧಾನ ಎಂದು ನಮ್ಮ ಅಜ್ಜಿಯರು ಹೇಳುತ್ತಿದ್ದುದಕ್ಕೆ ಇಷ್ಟು ಅಚ್ಚುಕಟ್ಟಾದ ಗಣಿತವಿದೆಯೆಂದು ನಾವು ಎಣಿಸಿರಲಿಲ್ಲ. ಇದಕ್ಕೆ ಎದುರುವಾದವೂ ಇದೆ. ಪ್ರೊಸೆಸರು ಸುಮ್ಮನೆ ಎಚ್ಚರವಾಗಿದ್ದರೂ ಒಂದಿಷ್ಟು ವಿದ್ಯುತ್ತು ಸೋರುತ್ತಲೇ ಇರುತ್ತದೆ. ಆದ್ದರಿಂದ ಕೆಲವೆಡೆ ಬೇಗ ಮುಗಿಸಿ ಗಾಢನಿದ್ರೆಗೆ ಹೋಗುವುದೇ ಲೇಸು. ಎಲ್ಲಿ ಯಾವುದು ಎಂಬುದನ್ನು ಯಂತ್ರ ನೋಡಿಯೇ ಹೇಳಬೇಕು.

2000ದಲ್ಲಿ ಇಂಟೆಲ್ ಕಂಪನಿ ಲ್ಯಾಪ್‌ಟಾಪುಗಳಿಗಾಗಿ ಎರಡು ವೇಗದ ಪೆಂಟಿಯಂ ಹೊರತಂದಿತು: ಗೋಡೆಯ ವಿದ್ಯುತ್ತಿದ್ದಾಗ 650 ಮೆಗಾಹರ್ಟ್ಸ್, ಬ್ಯಾಟರಿಯಲ್ಲಿದ್ದಾಗ 500. ಮುಂದೆ ಮೆಟ್ಟಿಲುಗಳು ಹೆಚ್ಚಿದವು. ಯಾವ ಹೊತ್ತಿಗೆ ಯಾವ ಮೆಟ್ಟಿಲು ಎಂದು ನಿರ್ಧರಿಸಲು ಲಿನಕ್ಸಿನಲ್ಲಿ 'ಗವರ್ನರ್' ಎಂಬ ಅಧಿಕಾರಿಗಳನ್ನು ನೇಮಿಸಿದರು. ದೆಹಲಿಯಲ್ಲಿರುವ ನಮ್ಮ ಕಿವಿಗೆ ಆ ಪದ ರಾಜ್ಯಪಾಲರನ್ನೇ ನೆನಪಿಸುತ್ತದೆ. ಆದರೆ ಇಲ್ಲಿ ಅದು ಉಗಿಯಂತ್ರದಿಂದ ಬಂದದ್ದು. 1788ರಲ್ಲಿ ಜೇಮ್ಸ್ ವಾಟ್ ತನ್ನ ಯಂತ್ರಕ್ಕೆ ಎರಡು ತಿರುಗುವ ಗುಂಡುಗಳನ್ನು ಜೋಡಿಸಿದ. ವೇಗ ಏರಿದರೆ ಗುಂಡುಗಳು ಅಗಲಿ ಉಗಿಯ ಬಾಯಿ ಕಿರಿದಾಗುತ್ತಿತ್ತು, ಇಳಿದರೆ ಅಗಲವಾಗುತ್ತಿತ್ತು. ಇನ್ನೂ ಹಿಂದೆ ಹೋದರೆ ಗ್ರೀಕ್ ಭಾಷೆಯ ಮೂಲದಲ್ಲಿ ಅದು ಹಡಗಿನ ಚುಕ್ಕಾಣಿ ಹಿಡಿದವನ ಹೆಸರು. ಲಿನಕ್ಸಿನ ಗವರ್ನರುಗಳಲ್ಲಿ ಒಬ್ಬ ಸದಾ ಗರಿಷ್ಠ ವೇಗದವನು, ಒಬ್ಬ ಸದಾ ಕನಿಷ್ಠ ವೇಗದವನು. 2004ರಲ್ಲಿ ಬಂದ 'ಆನ್‌ಡಿಮಾಂಡ್' ಎಂಬವನು ಆಗಾಗ ಇಣುಕಿ ನೋಡಿ, ಪ್ರೊಸೆಸರು ನಿಗದಿತ ಮಿತಿಗಿಂತ ಹೆಚ್ಚು ಹೊತ್ತು ದುಡಿಯುತ್ತಿದ್ದರೆ ನೇರವಾಗಿ ತುದಿಯ ವೇಗಕ್ಕೆ ಒಯ್ಯುತ್ತಿದ್ದ, ಇಲ್ಲವಾದರೆ ಇಳಿಸುತ್ತಿದ್ದ.

ನಮ್ಮನ್ನು ಪುಸ್ತಕ ಮುಚ್ಚದಂತೆ ತಡೆದದ್ದು ಮುಂದಿನ ಸಂಗತಿ. ಬಹಳ ವರ್ಷ ಈ ಇಬ್ಬರು ಅಧಿಕಾರಿಗಳ ನಡುವೆ ಮಾತುಕತೆಯೇ ಇರಲಿಲ್ಲ. ಯಾರು ದುಡಿಯಬೇಕು ಎಂದು ಸರದಿಗಾರ ಹೇಳುತ್ತಿದ್ದ. ಎಷ್ಟು ವೇಗವಾಗಿ ದುಡಿಯಬೇಕು ಎಂದು ಗವರ್ನರ್ ಹೇಳುತ್ತಿದ್ದ. ಸರದಿಗಾರನಿಗೆ ಪ್ರತಿ ಕೆಲಸದ ಹಸಿವೂ ಗೊತ್ತು, ವೇಗ ಅವನ ಕೈಯಲ್ಲಿಲ್ಲ. ಗವರ್ನರನ ಕೈಯಲ್ಲಿ ವೇಗವಿದೆ, ಕೆಲಸಗಳ ಗುರುತಿಲ್ಲ. ಕುರ್ಚಿ ಎಷ್ಟು ಹೊತ್ತು ತುಂಬಿತ್ತು ಎಂಬುದಷ್ಟೇ ಅವನಿಗೆ ಕಾಣುವುದು. ಭಾರವಾದ ಒಂದು ಕೆಲಸವನ್ನು ಸರದಿಗಾರ ಒಂದು ಘಟಕದಿಂದ ಇನ್ನೊಂದಕ್ಕೆ ವರ್ಗಾಯಿಸಿದನೆನ್ನಿ. ಹೊಸ ಘಟಕ ಆವರೆಗೆ ಬಿಡುವಾಗಿತ್ತು, ಆದ್ದರಿಂದ ಗವರ್ನರನ ಲೆಕ್ಕದಲ್ಲಿ ಅದಕ್ಕೆ ನಿಧಾನಗತಿಯೇ ಸಾಕು. ಮುಂದಿನ ಬಾರಿ ಇಣುಕುವವರೆಗೂ ಭಾರದ ಕೆಲಸ ನಿಧಾನಗತಿಯಲ್ಲಿಯೇ ತೆವಳಬೇಕು. ಭಾರ ಕಳೆದುಕೊಂಡ ಹಳೆಯ ಘಟಕವಾದರೋ ಒಂದಷ್ಟು ಹೊತ್ತು ಪೂರ್ಣವೇಗದಲ್ಲಿ ಸುಮ್ಮನೆ ಕಾಯುತ್ತದೆ. ಕೆಲಸ ಹಂಚುವ ಶಾಖೆಗೂ ಹುದ್ದೆ ಮಂಜೂರು ಮಾಡುವ ಶಾಖೆಗೂ ನಡುವಿನ ಓಣಿಯಲ್ಲಿ ನಾವು ಎಷ್ಟು ಬಾರಿ ನಡೆದಿದ್ದೇವೆ! ಈ ಕೋಣೆಯಲ್ಲಿ ಇಬ್ಬರ ಕೆಲಸವನ್ನು ಒಬ್ಬರು ಮಾಡುತ್ತಿರುತ್ತಾರೆ, ಆ ಕೋಣೆಯಲ್ಲಿ ಮುಗಿದುಹೋದ ಯೋಜನೆಯೊಂದಕ್ಕೆ ಇಂದಿಗೂ ಮೂವರ ಹುದ್ದೆ ಇರುತ್ತದೆ. ಯಾರದೂ ತಪ್ಪಲ್ಲ, ಎರಡೂ ಪಟ್ಟಿಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡುವುದು ಯಾರ ಕೆಲಸವೂ ಅಲ್ಲ.

ತಿರುಳಿನವರು ಇದನ್ನು ಸರಿಪಡಿಸಿದ್ದು ಎರಡು ಹೆಜ್ಜೆಗಳಲ್ಲಿ. ಮೊದಲನೆಯದು 2013ರಲ್ಲಿ ಬಂದ 3.8ನೆಯ ಆವೃತ್ತಿಯದು, ಪಾಲ್ ಟರ್ನರ್ ಅವರ ಕೆಲಸ. ಪ್ರತಿಯೊಂದು ಕೆಲಸದ ಭಾರವನ್ನೂ ಪ್ರತ್ಯೇಕವಾಗಿ ಅಳೆಯತೊಡಗಿದರು. ಆ ಅಳತೆಗೆ ನೆನಪೂ ಇದೆ, ಮರೆವೂ ಇದೆ. ಸುಮಾರು ಒಂದೊಂದು ಮಿಲಿಸೆಕೆಂಡಿನ ಲೆಕ್ಕ ಬರೆದಿಟ್ಟು, ಹಳೆಯದಾದಂತೆಲ್ಲ ಅದರ ಬೆಲೆಯನ್ನು ಇಳಿಸುತ್ತಾ ಹೋಗುವುದು. 32 ಹೆಜ್ಜೆ ಹಿಂದಿನದಕ್ಕೆ ಅರ್ಧ ಬೆಲೆ, 64 ಹೆಜ್ಜೆ ಹಿಂದಿನದಕ್ಕೆ ಕಾಲು. ನಿನ್ನೆ ಶ್ರಮಿಸಿದ್ದಕ್ಕೆ ಇಂದು ಪೂರ್ತಿ ಮನ್ನಣೆಯಿಲ್ಲ, ಪೂರ್ತಿ ಮರೆವೂ ಇಲ್ಲ. ಎರಡನೆಯ ಹೆಜ್ಜೆ 2016ರ 4.7ನೆಯ ಆವೃತ್ತಿಯದು. ರಫಾಯೆಲ್ ವೈಸೊಕಿ ಬರೆದ 'ಶೆಡ್‌ಯುಟಿಲ್' ಎಂಬ ಹೊಸ ಗವರ್ನರ್ ಸರದಿಗಾರನ ಖಾತೆಯನ್ನೇ ನೇರವಾಗಿ ಓದಿ ವೇಗ ಗೊತ್ತುಮಾಡುತ್ತಾನೆ. ಅಂದಿನಿಂದ 'ಯಾರು' ಮತ್ತು 'ಎಷ್ಟು ವೇಗ' ಎಂಬೆರಡೂ ಒಂದೇ ಪುಸ್ತಕದಲ್ಲಿವೆ.

ಆ ಹೊಸ ಗವರ್ನರನ ಸೂತ್ರದಲ್ಲಿ ಒಂದು ಸಣ್ಣ ಅಂಕಿಯಿದೆ: 1.25. ಅಳೆದ ಭಾರಕ್ಕೆ ಎಷ್ಟು ವೇಗ ಬೇಕೋ ಅದರ ಒಂದೂಕಾಲರಷ್ಟನ್ನು ಅವನು ಕೇಳುತ್ತಾನೆ. ಅಂದರೆ ಘಟಕ ಶೇ. 80ರಷ್ಟು ತುಂಬಿದಾಗಲೇ ಅವನ ದೃಷ್ಟಿಯಲ್ಲಿ ಅದು ತುಂಬಿತು. ಉಳಿದ ಶೇ. 20 ಇನ್ನೂ ಬಾರದಿರುವ ಅತಿಥಿಗೆ. ನೂರಕ್ಕೆ ನೂರು ತುಂಬಿಸಿಟ್ಟರೆ ಭಾರ ಏರುತ್ತಿದೆ ಎಂಬುದು ಅಳತೆಗೇ ಸಿಗುವುದಿಲ್ಲ. ತುಂಬಿದ ಕೊಡ ಇನ್ನಷ್ಟು ನೀರು ಬೇಕಿತ್ತೆಂದು ಹೇಳಲಾರದು. ಕಚೇರಿಗಳಲ್ಲಿ ಬಿಡುವಾಗಿ ಕುಳಿತವರನ್ನು ಕಂಡರೆ ಮೇಲಿನವರಿಗೆ ಕಣ್ಣುರಿ, ಮನೆಗಳಲ್ಲಿಯೂ ಹಾಗೆಯೇ. ಮಹಾನಗರಗಳಲ್ಲಿ ಬದುಕುವ ನಾವು ನಮ್ಮ ವಾರವನ್ನು ಮೆಟ್ರೊ, ಕಚೇರಿ, ಮಕ್ಕಳ ಟ್ಯೂಷನ್, ಭಾನುವಾರದ ಸಂಘದ ಸಭೆ ಎಂದು ನೂರಕ್ಕೆ ನೂರು ತುಂಬಿಸಿಡುತ್ತೇವೆ. ಊರಿನಿಂದ ಹೊತ್ತಲ್ಲದ ಹೊತ್ತಿನಲ್ಲಿ ಕರೆ ಬಂದಾಗ ಅದಕ್ಕೆ ಕೂರಲು ಮಣೆಯಿರುವುದಿಲ್ಲ.

ಇನ್ನು ಮಂಗಳ ಗ್ರಹದ ಕಥೆ. ಇದು ಲಿನಕ್ಸಿನದಲ್ಲ, ವಿಎಕ್ಸ್‌ವರ್ಕ್ಸ್ ಎಂಬ ಬೇರೊಂದು ವ್ಯವಸ್ಥೆಯದು. 1997ರ ಜುಲೈ 4ರಂದು ಪಾತ್‌ಫೈಂಡರ್ ನೌಕೆ ಮಂಗಳದ ಮೇಲೆ ಇಳಿಯಿತು. ಕೆಲವು ದಿನಗಳಲ್ಲಿ ಅದರ ಗಣಕ ತಾನಾಗಿಯೇ ಮತ್ತೆ ಮತ್ತೆ ಮೊದಲಿನಿಂದ ಆರಂಭವಾಗತೊಡಗಿತು. ಒಳಗೆ ನಡೆದದ್ದು ಹೀಗೆ. ನೌಕೆಯ ಮಾಹಿತಿ ಹಾಯುವ ದಾರಿಯನ್ನು ನೋಡಿಕೊಳ್ಳುವ ಕೆಲಸ ಅತಿ ಮೇಲಿನ ದರ್ಜೆಯದು. ಹವಾಮಾನದ ಅಂಕಿಗಳನ್ನು ಬರೆದಿಡುವ ಕೆಲಸ ಕೆಳದರ್ಜೆಯದು. ಇಬ್ಬರಿಗೂ ಬೇಕಾದ ಬೀಗದ ಕೈ ಒಂದೇ; ಒಮ್ಮೊಮ್ಮೆ ಅದು ಕೆಳದರ್ಜೆಯವನ ಕೈಯಲ್ಲಿರುತ್ತಿತ್ತು. ಅರೆಗಳಿಗೆಯಲ್ಲಿ ಮುಗಿಸಿ ಅವನು ಅದನ್ನು ಹಿಂದಿರುಗಿಸಬೇಕು. ಅಷ್ಟರಲ್ಲಿ ನಡುದರ್ಜೆಯ, ಬಹಳ ಹೊತ್ತು ಹಿಡಿಯುವ ಇನ್ನೊಂದು ಕೆಲಸ ಎದ್ದು ಬಂದು ಕೆಳಗಿನವನನ್ನು ಕುರ್ಚಿಯಿಂದ ಎಬ್ಬಿಸುತ್ತಿತ್ತು. ಕೀಲಿಕೈ ಅವನ ಜೇಬಿನಲ್ಲಿಯೇ ಉಳಿಯಿತು. ಮೇಲಿನವನು ಬಾಗಿಲಲ್ಲಿ ನಿಂತ. ಮುಖ್ಯ ಕೆಲಸ ಗಡುವಿಗೆ ಮುಗಿಯಲಿಲ್ಲವೆಂದು ಕಂಡ ಕಾವಲು ವ್ಯವಸ್ಥೆ ಇಡೀ ಗಣಕವನ್ನೇ ಮೊದಲಿನಿಂದ ಎಬ್ಬಿಸುತ್ತಿತ್ತು. ಎಂಜಿನಿಯರುಗಳು ಭೂಮಿಯ ಮೇಲಿನ ಪ್ರತಿರೂಪದಲ್ಲಿ ಇದನ್ನು ಮರುಕಳಿಸಿ ನೋಡಿ ಕಾರಣ ಹಿಡಿದರು. ಪರಿಹಾರ ವ್ಯವಸ್ಥೆಯೊಳಗೆ ಮೊದಲೇ ಇತ್ತು, ಚಾಲೂ ಆಗಿರಲಿಲ್ಲ: ಕೀಲಿಕೈ ಯಾರ ಬಳಿ ಇದೆಯೋ ಅವನಿಗೆ, ಅದಕ್ಕಾಗಿ ಕಾಯುತ್ತಿರುವವರಲ್ಲಿ ಅತಿ ಮೇಲಿನವನ ದರ್ಜೆಯನ್ನು ತಾತ್ಕಾಲಿಕವಾಗಿ ಕೊಡುವುದು. ಈ 'ದರ್ಜೆಯ ಉತ್ತರಾಧಿಕಾರ'ದ ಶಾಸ್ತ್ರವನ್ನು 1990ರಲ್ಲಿ ಲೂಯಿ ಶಾ, ರಾಗುನಾಥನ್ ರಾಜ್‌ಕುಮಾರ್ ಮತ್ತು ಜಾನ್ ಲೆಹೊಚ್ಕಿ ವಿವರವಾಗಿ ಬರೆದಿದ್ದರು. ಆ ಗುಂಡಿಯನ್ನು ಭೂಮಿಯಿಂದಲೇ ಒತ್ತಿದರು, ನೌಕೆ ಸರಿಹೋಯಿತು.

ಇದನ್ನು ಓದಿದ ಕೆಲವು ತಿಂಗಳಿಗೆ ನಮ್ಮ ಮೇಜಿಗೆ ಕನ್ನಡದಲ್ಲಿ ಬರೆದ ಒಂದು ಪತ್ರ ಬಂತು. ವಿಭಾಗದಲ್ಲಿ ಕನ್ನಡ ಓದಬಲ್ಲವರು ನಾವೊಬ್ಬರೇ ಆದ್ದರಿಂದ ಅದು ಮೂರು ಕೋಣೆ ಸುತ್ತಿ ನಮ್ಮಲ್ಲಿಗೆ ಬಂದಿತ್ತು. ಗದಗದ ಕಡೆಯ ಒಂದು ಹಳ್ಳಿಯಿಂದ, ನಮ್ಮ ಇಲಾಖೆಯಲ್ಲಿಯೇ ದುಡಿದು ನಿವೃತ್ತರಾಗಿ ತೀರಿಕೊಂಡವರೊಬ್ಬರ ಪತ್ನಿ ಬರೆಸಿದ ಪತ್ರ. "ಸಾಹೇಬರ, ನನಗ ಎಂಬತ್ತು ತುಂಬಿ ಎರಡು ವರ್ಷ ಆತು. ಹೆಚ್ಚಿಗಿ ಬರೋದು ಇನ್ನೂ ಬಂದಿಲ್ರಿ" ಎಂದು ಆರಂಭ. ಕುಟುಂಬ ಪಿಂಚಣಿ ಪಡೆಯುವವರಿಗೆ ಎಂಬತ್ತು ತುಂಬಿದರೆ ಮೂಲ ಪಿಂಚಣಿಯ ಶೇ. 20 ಹೆಚ್ಚುವರಿ ಸಿಗಬೇಕು, ಎಂಬತ್ತೈದಕ್ಕೆ ಶೇ. 30, ತೊಂಬತ್ತಕ್ಕೆ ಶೇ. 40, ನೂರಕ್ಕೆ ನೂರರಷ್ಟು. ಆದರೆ ಪಿಂಚಣಿ ಆದೇಶದಲ್ಲಿ ಆಕೆಯ ಜನ್ಮದಿನಾಂಕ ನಮೂದಾಗಿರಲಿಲ್ಲ. ಗಂಡನ ಸೇವಾಪುಸ್ತಕ ನೋಡಿ ಅದನ್ನು ದೃಢಪಡಿಸಬೇಕು. ಆ ಹಳೆಯ ಪುಸ್ತಕಗಳ ಕೋಣೆಯ ಬೀಗದ ಕೈ ಕಚೇರಿಯ ಅತ್ಯಂತ ಕಿರಿಯ ಗುಮಾಸ್ತನೊಬ್ಬನ ಬಳಿ ಇತ್ತು. ಅವನನ್ನು ಅಂಕಿಅಂಶಗಳ ತುರ್ತು ಪಟ್ಟಿಗಳಿಗೆಂದು ತಿಂಗಳುಗಟ್ಟಲೆ ಬೇರೊಂದು ಕೋಣೆಯಲ್ಲಿ ಕೂರಿಸಿದ್ದರು. ಆ ಪಟ್ಟಿಗಳೂ ಅಷ್ಟೇನೂ ಮೇಲಿನ ದರ್ಜೆಯವಲ್ಲ, ನಡುದರ್ಜೆಯವು. ಆದರೆ ಅವು ಮುಗಿಯುವಂಥವಲ್ಲ. ಆಕೆಯ ಕಡತದ ಮೇಲೆ 'ಆದ್ಯತೆ' ಎಂಬ ಚೀಟಿ ಇತ್ತು. ಎರಡು ಬಾರಿ ಜ್ಞಾಪನಪತ್ರವೂ ಹೋಗಿತ್ತು. ಕಡತಕ್ಕೆ ಅಂಟಿಸಿದ ಆದ್ಯತೆ ಗುಮಾಸ್ತನಿಗೆ ಅಂಟಿರಲಿಲ್ಲ.

ಮೇಲಧಿಕಾರಿಗಳಲ್ಲಿ ನಾವು ಕೇಳಿದ್ದು ಇಷ್ಟೇ: ಕಡತವನ್ನು ಮತ್ತೆ ತ್ವರಿತಗೊಳಿಸುವುದು ಬೇಡ, ಆ ಹುಡುಗನನ್ನು ಒಂದು ದಿನದ ಮಟ್ಟಿಗೆ ಪಟ್ಟಿಯ ಕೆಲಸದಿಂದ ಬಿಡಿಸಿ, ಆ ದಿನ ಅವನನ್ನು ಯಾರೂ ಎಬ್ಬಿಸಬಾರದೆಂದು ಬರೆದುಕೊಡಿ. ಕೊಟ್ಟರು. ಸೇವಾಪುಸ್ತಕ ಸಿಗಲು ಅರ್ಧ ದಿನ ಹಿಡಿಯಿತು. ಪುಟ ತೆರೆದು ದಿನಾಂಕ ನೋಡಲು ಎರಡು ನಿಮಿಷ. ಉಳಿದರ್ಧ ದಿನದಲ್ಲಿ ಅವನು ಅಂಥವೇ ಇನ್ನೂ ಆರು ಪುಸ್ತಕಗಳನ್ನು ಹುಡುಕಿಕೊಟ್ಟ. ಎರಡು ವರ್ಷದ ಬಾಕಿಯ ಸಮೇತ ಆದೇಶ ಹೋಯಿತು. ಗದಗದಿಂದ ಮರುಪತ್ರ ಬರಲಿಲ್ಲ, ಬರಬೇಕೆಂದೂ ಇರಲಿಲ್ಲ. ಎಂಬತ್ತು ದಾಟಿದವರು ಜೀವಿತ ಪ್ರಮಾಣಪತ್ರವನ್ನು ನವೆಂಬರಿಗೆ ಕಾಯದೆ ಅಕ್ಟೋಬರಿನಿಂದಲೇ ಸಲ್ಲಿಸಬಹುದು. ಆ ವರ್ಷ ಅಕ್ಟೋಬರಿನ ಪಟ್ಟಿಯಲ್ಲಿ ಆಕೆಯ ಹೆಸರಿತ್ತು. ನಾವು ಆ ಸಾಲನ್ನು ಎರಡು ಬಾರಿ ಓದಿದೆವು.

ಹೋಲಿಕೆಯನ್ನು ಬಹಳ ಎಳೆಯಬಾರದೆಂಬ ಎಚ್ಚರ ನಮಗಿದೆ. ತಿರುಳಿನೊಳಗಿನ ಕೆಲಸಕ್ಕೆ ಹಸಿವೂ ಇಲ್ಲ, ವಯಸ್ಸೂ ಇಲ್ಲ. ಅಲ್ಲಿ ಬಹಳ ಹೊತ್ತು ಮಲಗಿ ಎದ್ದು ಬಂದ ಕೆಲಸ, ತಾನು ಪಡೆಯದೆ ಹೋದ ಸಮಯವನ್ನೆಲ್ಲ ಈಗ ಕೊಡಿ ಎಂದು ಕೇಳುವಂತಿಲ್ಲ. ಸರದಿಗಾರ ಅದನ್ನು ಹೆಚ್ಚುಕಡಿಮೆ ಉಳಿದವರ ಸಾಲಿಗೇ ತಂದು ನಿಲ್ಲಿಸುತ್ತಾನೆ. ಇಲ್ಲವಾದರೆ ನಿನ್ನೆಯಿಂದ ಮಲಗಿದ್ದವನು ಎದ್ದು ಇಡೀ ದಿನ ಕುರ್ಚಿ ಬಿಡುವುದಿಲ್ಲ. ಯಂತ್ರಕ್ಕೆ ಅದು ನ್ಯಾಯ. ಮನುಷ್ಯರ ಲೆಕ್ಕದಲ್ಲಿ ಬಾಕಿ ಎಂಬುದೊಂದಿದೆ, ಅದನ್ನು ತೀರಿಸಲೇಬೇಕು. ಬಾಕಿ ತೀರಿಸುವ ಹೊತ್ತಿಗೆ ಪಡೆಯುವವರು ಇರಬೇಕು ಎಂಬ ಆತಂಕವೂ ಮನುಷ್ಯರ ಲೆಕ್ಕದ್ದೇ. 32 ಮಿಲಿಸೆಕೆಂಡಿಗೆ ಅರ್ಧ ಮರೆಯುವ ಸೌಕರ್ಯ ಇಲಾಖೆಗಿಲ್ಲ. ಮೂವತ್ತು ವರ್ಷ ದುಡಿದವನ ಲೆಕ್ಕ ಅವನ ಹೆಂಡತಿಯ ಕೊನೆಯ ದಿನದವರೆಗೂ ಪೂರ್ತಿ ಬೆಲೆಯಲ್ಲಿರಬೇಕು.

ಹೀಗಿದ್ದರೂ ತಿರುಳಿನವರಿಂದ ಕಲಿಯಬೇಕಾದ ಇನ್ನೊಂದು ಪಾಠ ಉಳಿದಿದೆ. ಅದನ್ನು ಅವರೂ ಈಚೆಗೆ ಅಳವಡಿಸಿಕೊಂಡರು. 'ಸಂಪೂರ್ಣ ನ್ಯಾಯ'ದ ಸರದಿಗಾರ ಎಷ್ಟು ಪಾಲು ಎಂಬುದನ್ನು ಚೆನ್ನಾಗಿ ನೋಡಿಕೊಂಡ. ಎಷ್ಟು ಬೇಗ ಎಂಬುದಕ್ಕೆ ಅವನ ಪುಸ್ತಕದಲ್ಲಿ ಬೇರೆ ಕಾಲಮ್ ಇರಲಿಲ್ಲ. ಬೇಗ ಬೇಕೆಂದವರಿಗೆ ಹೆಚ್ಚು ಪಾಲು ಕೊಡುವುದೇ ಬಳಕೆಯಲ್ಲಿದ್ದ ದಾರಿ. 1995ರಲ್ಲಿ ಅಯಾನ್ ಸ್ಟೋಯಿಕಾ ಮತ್ತು ಹುಸೇನ್ ಅಬ್ದೆಲ್-ವಹಾಬ್ ಎಂಬಿಬ್ಬರು ಇವೆರಡನ್ನೂ ಬೇರ್ಪಡಿಸುವ ಬಗೆಯನ್ನು ಬರೆದಿದ್ದರು. ಮೊದಲು, ತನ್ನ ಪಾಲಿಗಿಂತ ಹೆಚ್ಚು ಪಡೆದವರನ್ನು ಬದಿಗಿಡುವುದು. ಉಳಿದವರಲ್ಲಿ ಯಾರ ಗಡುವು ಹತ್ತಿರವೋ ಅವರನ್ನು ಕರೆಯುವುದು. ಕೇಳುವ ತುತ್ತು ಚಿಕ್ಕದಾದಷ್ಟೂ ಗಡುವು ಹತ್ತಿರ. ಸ್ವಲ್ಪವೇ ಸಾಕು, ಆದರೆ ಈಗಲೇ ಬೇಕು ಎನ್ನುವವರಿಗೆ ಇದರಿಂದ ದಾರಿಯಾಯಿತು, ಇತರರ ಪಾಲು ಒಂದಿಷ್ಟೂ ಕಡಿಮೆಯಾಗದೆ. ಪೀಟರ್ ಜೈಲ್‌ಸ್ಟ್ರಾ ಅವರ ಪ್ರಯತ್ನದಿಂದ ಇದು ಲಿನಕ್ಸಿನೊಳಗೆ ಬಂದದ್ದು 2023ರ ಅಕ್ಟೋಬರಿನಲ್ಲಿ, 6.6ನೆಯ ಆವೃತ್ತಿಯಲ್ಲಿ. ಒಂದು ಒಳ್ಳೆಯ ಟಿಪ್ಪಣಿ ಇಪ್ಪತ್ತೆಂಟು ವರ್ಷ ಕಾದಿತ್ತು ಎಂಬುದರಲ್ಲಿ ನಮಗೆ ಒಂದು ಬಗೆಯ ಸಮಾಧಾನವೂ ಸಿಗುತ್ತದೆ.

ಸರ್ಕಾರಿ ಕಡತದಲ್ಲಿ 'ನಾನು' ಎಂದು ಬರೆಯುವ ರೂಢಿಯಿಲ್ಲ. ಅಲ್ಲಿ ಎಲ್ಲವೂ 'ಪರಿಶೀಲಿಸಲಾಯಿತು', 'ಮಂಜೂರು ಮಾಡಲಾಗಿದೆ'. ಮಾಡಿದವರಾರು ಎಂಬುದು ವಾಕ್ಯದಿಂದ ಜಾರಿಹೋಗಿರುತ್ತದೆ. ಸರದಿಗಾರನ ಪುಸ್ತಕದಲ್ಲಿ ಹಾಗಲ್ಲ; ಪ್ರತಿ ಸಾಲಿಗೂ ಒಂದು ಗುರುತಿನ ಸಂಖ್ಯೆ, ಪಡೆದದ್ದೆಷ್ಟು ಎಂಬ ಅಂಕಿ. ನಮ್ಮ ವಿಭಾಗದಲ್ಲಿ ಈಗ ಒಂದು ಸಾದಾ ಪಟ್ಟಿ ಇಟ್ಟಿದ್ದೇವೆ. ಕಡತದ ಹೆಸರಿನ ಮುಂದೆ ಮೂರು ಕಾಲಮ್: ಕೆಲಸಕ್ಕೆ ಹಿಡಿಯುವ ಹೊತ್ತೆಷ್ಟು, ಎಷ್ಟು ದಿನ ಕಾಯಬಲ್ಲದು, ಬೀಗದ ಕೈ ಯಾರ ಬಳಿ ಇದೆ. ಶುಕ್ರವಾರದ ಮಧ್ಯಾಹ್ನಕ್ಕೆ ಯಾವ ಕೆಲಸವನ್ನೂ ಮೊದಲೇ ಹಂಚುವುದಿಲ್ಲ. ಅದು ನಮ್ಮ ಶೇ. 20ರ ಗುರಿಗೆ ಸಾಲುವುದಿಲ್ಲ, ಕೈಲಾದದ್ದು ಅಷ್ಟು. ಆ ಹೊತ್ತಿನಲ್ಲಿ ಹೆಚ್ಚಾಗಿ ಎರಡು ನಿಮಿಷದ ಕಡತಗಳು ಹೊರಡುತ್ತವೆ. ಬರುವ ಏಪ್ರಿಲ್‌ನಲ್ಲಿ ನಮಗೆ ವರ್ಗಾವಣೆಯಾಗಬಹುದು. ಮುಂದೆ ಆ ಕುರ್ಚಿಗೆ ಬರುವವರಿಗೆ ಕನ್ನಡ ಬರುತ್ತದೆಯೋ ಇಲ್ಲವೋ ತಿಳಿಯದು. ಪಟ್ಟಿಯನ್ನು ಹಿಂದಿಯಲ್ಲಿಯೂ ಇಂಗ್ಲಿಷಿನಲ್ಲಿಯೂ ಬರೆದು ಮೇಜಿನ ಗಾಜಿನಡಿ ಇಟ್ಟಿದ್ದೇವೆ.